ಟಿಪ್ ಕೊಂಡು ತನ್ನಿ, ಉಳಿದದ್ದನ್ನು ನೀವೇ ಮಾಡಿ

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ಸಣ್ಣದೊಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇಟ್ಟಿದ್ದೇನೆ. ಟ್ರ್ಯಾಕ್ಟರ್ ಹಿಂದೆ ಕಟ್ಟುವ 6 ಮೀಟರ್ ಬೂಮ್ ಸ್ಪ್ರೇಯರ್ (ಉದ್ದನೆಯ ತೋಳಿಗೆ ಸಾಲಾಗಿ ನಾಜಲ್ ಇರುವ ಔಷಧಿ ಸಿಂಪಡಿಸುವ ಯಂತ್ರ) ಮಾಡಿದೆ. 400 ಲೀಟರ್ ಟ್ಯಾಂಕ್, ಎಚ್‌ಟಿಪಿ ಪಂಪ್ (ಹೆಚ್ಚು ಒತ್ತಡದ ಪಿಸ್ಟನ್ ಪಂಪ್), 50 ಸೆಂ.ಮೀ.ಗೆ ಒಂದರಂತೆ 12 ನಾಜಲ್. ಖರ್ಚು ಉಳಿಸಲು ಹಿತ್ತಾಳೆ ನಾಜಲ್‌ಗಳನ್ನು ನಾನೇ ಲೇತ್‌ನಲ್ಲಿ ಮಾಡಿ, 1 ಮಿ.ಮೀ. ತೂತು ಕೊರೆದು, ಮುಂದೆ ಗರಗಸದಿಂದ ಗೀರು ಹಾಕಿದೆ. ಗೋವಿನಜೋಳಕ್ಕೆ ಅಟ್ರಾಜಿನ್ ಕಳೆನಾಶಕ ಹೊಡೆದ ಇಬ್ಬರು ರೈತರ ಹೊಲದಲ್ಲಿ ಪಟ್ಟೆ ಪಟ್ಟೆಯಾಗಿ ಕಳೆ ಉಳಿದಿದೆ. ಬೂಮಿನ ಒಂದು ತುದಿಯಲ್ಲಿ ನೀರು ಕಮ್ಮಿ. ಬದುವಿನ ಹತ್ತಿರ ತಿರುಗಿಸುವಾಗ ಎಲ್ಲ ನಾಜಲ್‌ಗಳೂ ತೊಟ್ಟಿಕ್ಕುತ್ತವೆ. ತೂತಿನ ಅಳತೆ ಎಷ್ಟಿರಬೇಕು? ನಾಜಲ್ ಅಸೆಂಬ್ಲಿಯನ್ನು ಹೇಗೆ ಡಿಸೈನ್ ಮಾಡಬೇಕು?

ಉತ್ತರ: ನೀವು ಕೇಳಿದ್ದು ತೂತಿನ ಬಗ್ಗೆ. ಆದರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ತೂತಿನ ಹಿಂದೆ, ಪಕ್ಕ ಮತ್ತು ಕೆಳಗೆ ಇದೆ. ಅದನ್ನೆಲ್ಲ ನಿಮ್ಮ ವರ್ಕ್‌ಶಾಪ್‌ನಲ್ಲೇ ಸರಿ ಮಾಡಬಹುದು. ತೂತನ್ನು ಮಾತ್ರ ದಯವಿಟ್ಟು ನೀವು ಕೊರೆಯಬೇಡಿ.

ಮೊದಲು ಒಂದು ಕೆಲಸ ಮಾಡಿ. ಅಳತೆ ಟೇಪ್ ಹಿಡಿದು ಆ ರೈತರ ಹೊಲಕ್ಕೆ ಹೋಗಿ. ಕಳೆ ಉಳಿದ ಪಟ್ಟೆಗಳ ನಡುವಿನ ದೂರ ಅಳೆಯಿರಿ. ಸರಿಯಾಗಿ 50 ಸೆಂ.ಮೀ.ಗೊಂದು ಪಟ್ಟೆ ಇದ್ದರೆ ಎರಡು ನಾಜಲ್‌ಗಳ ನೀರು ನಡುವೆ ಕೂಡುತ್ತಿಲ್ಲ ಅಂತ ಅರ್ಥ. ಎತ್ತರ ಸರಿಯಿಲ್ಲ, ಇಲ್ಲವೇ ನೀರು ಹರಡುವ ಬೀಸಣಿಗೆ ಕಿರಿದಾಗಿದೆ. 6 ಮೀಟರಿಗೊಂದು ಪಟ್ಟೆ ಇದ್ದರೆ ಎರಡು ಕಾರಣ ಇರಬಹುದು. ಯಾವುದೋ ಒಂದು ನಾಜಲ್ ಕಟ್ಟಿಕೊಂಡಿದೆ, ಅಥವಾ ಡ್ರೈವರ್ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಜಾಗ ಬಿಟ್ಟಿದ್ದಾರೆ. ಟ್ರ್ಯಾಕ್ಟರಿನ ಒಂದೇ ಪಕ್ಕದಲ್ಲಿ ಕಳೆ ಜಾಸ್ತಿ ಇದ್ದರೆ ಪೈಪಿನಲ್ಲಿ ಒತ್ತಡ ಬೀಳುತ್ತಿದೆ. ಕಳೆ ಉಳಿದ ಹೊಲದಷ್ಟು ಚೆನ್ನಾಗಿ ನಿಮ್ಮ ಬೂಮಿನ ತಪ್ಪನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಮಳೆ ಬಂದು ಎಲ್ಲ ಒಂದೇ ಹಸಿರಾಗುವ ಮೊದಲು ಹೋಗಿ ಬನ್ನಿ.

ಈಗ ತೂತಿನ ವಿಷಯ. ಟಿಪ್ ಅಂದರೆ ನಾಜಲ್‌ನ ತುದಿಯಲ್ಲಿ ಕೂರುವ, ನೀರು ಹೊರಬರುವ ತುಂಡು. ನೀರನ್ನು ಬೀಸಣಿಗೆಯ ಹಾಗೆ ಹರಡುವ ಒಳ್ಳೆಯ ಫ್ಲ್ಯಾಟ್ ಫ್ಯಾನ್ ಟಿಪ್ ಒಂದನ್ನು ಕೈಯಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಹಿಂದಿನಿಂದ ಬರುವ ದುಂಡು ದಾರಿ ನೇರವಾಗಿ ಹೊರಗೆ ಬರುವುದಿಲ್ಲ. ಅದರ ಕೊನೆ ಅರ್ಧ ಗೋಲಿಯ ಒಳಮೈ ಹಾಗೆ ಗುಂಡಗೆ ಮುಚ್ಚಿರುತ್ತದೆ. ಹೊರಗಡೆಯಿಂದ ಇಂಗ್ಲಿಷಿನ 'ವಿ' ಆಕಾರದ ಕಚ್ಚು ಅಡ್ಡಲಾಗಿ ಕೊರೆದಿರುತ್ತಾರೆ. ಆ ಕಚ್ಚು ಗುಂಡು ಮೈಯನ್ನು ಎಲ್ಲಿ ಸೀಳುತ್ತದೋ ಅಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಉದ್ದನೆಯ ಬಾಯಿ ಆಗುತ್ತದೆ. ನೀರು ಎರಡು ಕಡೆಯಿಂದ ಬಂದು ಆ ಬಾಯಲ್ಲಿ ಡಿಕ್ಕಿ ಹೊಡೆದು ತೆಳ್ಳಗಿನ ಹಾಳೆಯಾಗಿ ಹರಡುತ್ತದೆ. ಹಾಳೆ ಮುಂದೆ ಹೋದಂತೆ ಇನ್ನೂ ತೆಳ್ಳಗಾಗಿ, ಅಲೆ ಎದ್ದು, ಹರಿದು ಎಳೆ ಎಳೆಯಾಗಿ, ಆ ಎಳೆಗಳು ತುಂಡಾಗಿ ಹನಿಯಾಗುತ್ತವೆ. ನಿಮ್ಮ ನಾಜಲ್‌ನಲ್ಲಿ ನೇರ ತೂತಿದೆ, ಮೇಲೊಂದು ಗೀರಿದೆ. ಅಲ್ಲಿ ಹಾಳೆ ಸರಿಯಾಗಿ ಹರಡುವುದಿಲ್ಲ. ನಡುವೆ ಅಥವಾ ಎರಡೂ ಅಂಚಿನಲ್ಲಿ ದಪ್ಪ ಧಾರೆ ಬೀಳುತ್ತದೆ.

ಆಕಾರ ಬಿಡಿ, ಬರೀ ಅಳತೆಯನ್ನೇ ನೋಡೋಣ. 3 ಬಾರ್ ಒತ್ತಡದಲ್ಲಿ ನೀರು ಟಿಪ್‌ನಿಂದ ಸೆಕೆಂಡಿಗೆ ಸುಮಾರು 24 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆ ವೇಗಕ್ಕೆ 1 ಮಿ.ಮೀ. ತೂತಿನಿಂದ ನಿಮಿಷಕ್ಕೆ ಹೆಚ್ಚುಕಮ್ಮಿ 1 ಲೀಟರ್ ಬರುತ್ತದೆ. ಡ್ರಿಲ್ ಬಿಟ್ ಸ್ವಲ್ಪ ಓಲಾಡಿ ತೂತು 1.05 ಮಿ.ಮೀ. ಆಯಿತು ಅಂದುಕೊಳ್ಳಿ. ಕಣ್ಣಿಗೆ ಕಾಣದ ವ್ಯತ್ಯಾಸ. ಆದರೆ ನೀರು ನೂರಕ್ಕೆ 10 ಜಾಸ್ತಿ ಬರುತ್ತದೆ. ಇನ್ನೊಂದು 0.95 ಆದರೆ 10 ಕಮ್ಮಿ. ಅಕ್ಕಪಕ್ಕದ ಎರಡು ನಾಜಲ್‌ಗಳ ನಡುವೆ ನೂರಕ್ಕೆ 20ರ ಅಂತರ. ಒಂದು ಸಾಲಿಗೆ ಔಷಧಿ ಜಾಸ್ತಿಯಾಗಿ ಬೆಳೆ ಸುಡಬಹುದು, ಪಕ್ಕದ ಸಾಲಿನಲ್ಲಿ ಕಳೆ ಹಾಗೇ ನಗುತ್ತಾ ನಿಂತಿರುತ್ತದೆ. ಬಳಸಿದ ಟಿಪ್ ಹೊಸದಕ್ಕಿಂತ ನೂರಕ್ಕೆ 10 ಜಾಸ್ತಿ ನೀರು ಬಿಟ್ಟರೆ ಅದನ್ನು ಎಸೆಯಬೇಕು ಅನ್ನುವುದು ಈ ಕೆಲಸದ ನಿಯಮ. ಕೈಯಲ್ಲಿ ಕೊರೆದ ನಾಜಲ್ ಹುಟ್ಟುವಾಗಲೇ ಆ ಗೆರೆ ದಾಟಿರುತ್ತದೆ. ಟಿಪ್ ಅಂದರೆ ಬರೀ ತೂತಲ್ಲ, ಅಳತೆಯ ಸೇರು. ಸೇರನ್ನು ಅಂದಾಜಿಗೆ ಮಾಡಲು ಆಗಲ್ಲ, ಅಲ್ವಾ?

ಹಾಗಾದರೆ ಯಾವ ಟಿಪ್ ತರಬೇಕು? ಲೆಕ್ಕ ಸುಲಭ. ಎಕರೆಗೆ ಎಷ್ಟು ಲೀಟರ್ ಬೇಕು, ಟ್ರ್ಯಾಕ್ಟರ್ ಗಂಟೆಗೆ ಎಷ್ಟು ಕಿ.ಮೀ. ಓಡುತ್ತದೆ, ನಾಜಲ್‌ಗಳ ನಡುವೆ ಎಷ್ಟು ಮೀಟರ್ ಇದೆ, ಈ ಮೂರನ್ನೂ ಗುಣಿಸಿ 243ರಿಂದ ಭಾಗಿಸಿ. ಒಂದು ನಾಜಲ್ ನಿಮಿಷಕ್ಕೆ ಎಷ್ಟು ಲೀಟರ್ ಬಿಡಬೇಕು ಅನ್ನುವುದು ಸಿಗುತ್ತದೆ. ಕಳೆನಾಶಕಕ್ಕೆ ಎಕರೆಗೆ 80 ಲೀಟರ್ ಅಂದುಕೊಳ್ಳೋಣ. 6 ಕಿ.ಮೀ. ವೇಗ, 0.5 ಮೀಟರ್ ಅಂತರ. 80 ಸಲ 6 ಸಲ 0.5, ಅಂದರೆ 240. ಅದನ್ನು 243ರಿಂದ ಭಾಗಿಸಿದರೆ ಹತ್ತಿರ ಹತ್ತಿರ 1 ಲೀಟರ್. ಟ್ರ್ಯಾಕ್ಟರಿನ ಮೀಟರ್ ನಂಬಬೇಡಿ. ಹೊಲದಲ್ಲೇ 50 ಮೀಟರ್ ಅಳೆದು ಗೂಟ ನೆಟ್ಟು ಓಡಿಸಿ ನೋಡಿ. 30 ಸೆಕೆಂಡಿನಲ್ಲಿ ದಾಟಿದರೆ ಅದು 6 ಕಿ.ಮೀ.

ಅಂಗಡಿಯಲ್ಲಿ ಟಿಪ್‌ಗಳು ಬಣ್ಣದ ಮೇಲೆ ಸಿಗುತ್ತವೆ. ಐಎಸ್‌ಒ 10625 ಅನ್ನುವ ಅಂತರರಾಷ್ಟ್ರೀಯ ಮಾನಕದ ಪ್ರಕಾರ 3 ಬಾರ್ ಒತ್ತಡದಲ್ಲಿ ಹಳದಿ ಸುಮಾರು 0.8 ಲೀಟರ್ ಬಿಡುತ್ತದೆ. ನೇರಳೆ 1 ಲೀಟರ್, ನೀಲಿ 1.2, ಕೆಂಪು 1.6. ನಿಮಗೆ ಬೇಕಾದದ್ದು ನೇರಳೆ, 110 ಡಿಗ್ರಿಯದ್ದು. ಮೈ ಮೇಲೆ 110025 ಎಂದು ಬರೆದಿರುತ್ತದೆ. ಮೊದಲ ಮೂರು ಅಂಕಿ ಬೀಸಣಿಗೆಯ ಕೋನ, ಉಳಿದದ್ದು ಸೈಜು. ಹಿತ್ತಾಳೆ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಬಾಳಿಕೆ ಬರುತ್ತದೆ, ಸೆರಾಮಿಕ್ ಎಲ್ಲಕ್ಕಿಂತ ಜಾಸ್ತಿ. ಹನ್ನೆರಡನ್ನೂ ಒಂದೇ ಸಲ, ಒಂದೇ ಕಂಪನಿಯದ್ದು ತನ್ನಿ. ಒಂದು ಹಾಳಾದರೆ ಸಿಕ್ಕಿದ ಯಾವುದೋ ಒಂದನ್ನು ಸೇರಿಸಬೇಡಿ.

ಒತ್ತಡದ ಬಗ್ಗೆ ನಿಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಎಚ್‌ಟಿಪಿ ಪಂಪಿಗೆ ಗನ್ ಹಾಕಿ 20 ಕೆ.ಜಿ.ಗೂ (1 ಕೆ.ಜಿ. ಅಂದರೆ ಹೆಚ್ಚುಕಮ್ಮಿ 1 ಬಾರ್) ಮೇಲೆ ಒತ್ತಡ ಕೊಟ್ಟು ಹೊಡೆದು ಅಭ್ಯಾಸ ಆಗಿರುತ್ತದೆ. ಬೂಮಿಗೆ 3 ಬಾರ್ ಸಾಕು. ನೀರು ಕಮ್ಮಿ ಅನ್ನಿಸಿದ ಕೂಡಲೇ ಒತ್ತಡ ಏರಿಸುತ್ತಾರೆ. ಆದರೆ ನೀರು ಎರಡು ಪಟ್ಟಾಗಬೇಕಾದರೆ ಒತ್ತಡ ನಾಲ್ಕು ಪಟ್ಟಾಗಬೇಕು. ಅಷ್ಟರಲ್ಲಿ ಹನಿ ಮಂಜಾಗಿ ಹೋಗಿರುತ್ತದೆ. 100 ಮೈಕ್ರಾನ್ (0.1 ಮಿ.ಮೀ.) ಹನಿ ತನ್ನ ತೂಕದಿಂದ ಅರ್ಧ ಮೀಟರ್ ಇಳಿಯಲು ಸುಮಾರು 2 ಸೆಕೆಂಡ್ ಬೇಕು. ಗಂಟೆಗೆ 10 ಕಿ.ಮೀ. ಗಾಳಿ ಅಷ್ಟು ಹೊತ್ತಿಗೆ ಅದನ್ನು 5 ಮೀಟರ್ ಆಚೆ ಒಯ್ಯುತ್ತದೆ. ನಿಮ್ಮ ಕಡೆ ಗೋವಿನಜೋಳದ ಪಕ್ಕದಲ್ಲೇ ಹತ್ತಿ ಇರುತ್ತದೆ. ಜೋಳಕ್ಕೆ ಹೊಡೆದ 2,4-ಡಿ ಕಳೆನಾಶಕ ಗಾಳಿಯಲ್ಲಿ ಹೋಗಿ ಹತ್ತಿಗೆ ತಾಗಿದರೆ ಎಲೆಗಳು ಬೆರಳಿನ ಹಾಗೆ ಸೀಳಿ ಮುದುಡುತ್ತವೆ. ಅಕ್ಕಪಕ್ಕದ ಹೊಲದವರ ಮಾತುಕತೆ ನಿಂತುಹೋಗುವುದು ಹೀಗೆ. ಜಾಸ್ತಿ ನೀರು ಬೇಕಾದರೆ ಟಿಪ್ ಬದಲಿಸಬೇಕು, ಒತ್ತಡ ಅಲ್ಲ. ಮತ್ತೆ ಗೇಜನ್ನು ಪಂಪಿನ ಮೇಲೆ ಮಾತ್ರ ಇಟ್ಟರೆ ಸಾಲದು. ಬೂಮಿನ ಪೈಪಿನ ಮೇಲೂ ಒಂದು ಸಣ್ಣ ಗೇಜ್, 0ಯಿಂದ 10 ಬಾರ್‌ನದ್ದು, ಡ್ರೈವರಿಗೆ ಕಾಣುವ ಹಾಗೆ ಕೂರಿಸಿ.

110 ಡಿಗ್ರಿಯೇ ಯಾಕೆ, 80 ಯಾಕಲ್ಲ? ಬೂಮ್ 50 ಸೆಂ.ಮೀ. ಎತ್ತರದಲ್ಲಿದ್ದರೆ 80 ಡಿಗ್ರಿಯ ಬೀಸಣಿಗೆ ನೆಲದ ಮೇಲೆ ಸುಮಾರು 84 ಸೆಂ.ಮೀ. ಹರಡುತ್ತದೆ. 110 ಡಿಗ್ರಿಯದ್ದು 140 ದಾಟುತ್ತದೆ. ಈಗ ಟ್ರ್ಯಾಕ್ಟರಿನ ಒಂದು ಚಕ್ರ 7 ಸೆಂ.ಮೀ. ಗುಂಡಿಗೆ ಇಳಿಯಿತು ಅನ್ನಿ. ಬೂಮಿನ ತುದಿ ಆ ಕಡೆ 15 ಸೆಂ.ಮೀ. ಕೆಳಗೆ ಬರುತ್ತದೆ. 35 ಸೆಂ.ಮೀ. ಎತ್ತರದಲ್ಲಿ 80 ಡಿಗ್ರಿಯದ್ದು ಬರೀ 59 ಸೆಂ.ಮೀ. ಹರಡುತ್ತದೆ. ನಾಜಲ್‌ಗಳ ನಡುವೆಯೇ 50 ಇದೆ. ಬೀಸಣಿಗೆಯ ಅಂಚಿನಲ್ಲಿ ನೀರು ತೆಳುವಾಗಿರುವುದರಿಂದ ಅಲ್ಲೇ ಪಟ್ಟೆ ಬೀಳುತ್ತದೆ. 110 ಡಿಗ್ರಿಯದ್ದು ಆ ಎತ್ತರದಲ್ಲೂ 1 ಮೀಟರ್ ಹರಡುತ್ತದೆ, ಅಂದರೆ ಪ್ರತಿ ಜಾಗಕ್ಕೂ ಎರಡೆರಡು ನಾಜಲ್‌ನ ನೀರು ಬೀಳುತ್ತಲೇ ಇರುತ್ತದೆ. ನಮ್ಮ ಹೊಲಗಳು ಸಿಮೆಂಟ್ ನೆಲ ಅಲ್ಲ. ಏರುತಗ್ಗನ್ನು ತಾಳಿಕೊಳ್ಳುವ ಡಿಸೈನ್ ಬೇಕು. ಅಂಗಡಿಯವರು 'ಈವನ್' ಟಿಪ್ ಕೊಟ್ಟರೆ ಮಾತ್ರ ತಗೋಬೇಡಿ. ಅದು ಒಂದೇ ಸಾಲಿಗೆ ಪಟ್ಟಿಯಂತೆ ಹೊಡೆಯಲು ಮಾಡಿದ್ದು. ಅದರ ಅಂಚು ತೆಳುವಾಗುವುದಿಲ್ಲ, ಅಕ್ಕಪಕ್ಕ ಸೇರಿಸಿದರೆ ಕೂಡುವ ಜಾಗದಲ್ಲಿ ಎರಡು ಪಟ್ಟು ಬೀಳುತ್ತದೆ.

ಬೀಸಣಿಗೆಗಳು ಒಂದಕ್ಕೊಂದು ಗಾಳಿಯಲ್ಲೇ ಡಿಕ್ಕಿ ಹೊಡೆಯಬಾರದು. ಅದಕ್ಕೆ ಪ್ರತಿ ಟಿಪ್ಪನ್ನೂ ಬೂಮಿನ ಗೆರೆಗೆ 5ರಿಂದ 10 ಡಿಗ್ರಿ ಓರೆಯಾಗಿ, ಎಲ್ಲವನ್ನೂ ಒಂದೇ ಕಡೆಗೆ ತಿರುಗಿಸಿ ಕೂರಿಸಬೇಕು. ಕಾಲು ಸುತ್ತಿನ ಕ್ಯಾಪ್ ಬಳಸಿದರೆ ಈ ಓರೆ ತಾನಾಗೇ ಬರುತ್ತದೆ. ತಿರುಪಿನ ಕ್ಯಾಪ್ ಆದರೆ ಬಿಗಿ ಮಾಡುವಾಗ ಟಿಪ್ ಎಲ್ಲಿಗೆ ಬೇಕಾದರೂ ತಿರುಗುತ್ತದೆ. ಪ್ರತಿ ಸಲ ಕಣ್ಣಳತೆಯಲ್ಲಿ ಸರಿ ಮಾಡಬೇಕು. ರೈತರು ಮಾಡುವುದಿಲ್ಲ, ಮಾಡಬೇಕು ಅಂತ ನಾವು ನಿರೀಕ್ಷಿಸಲೂ ಬಾರದು. ಹಾಗಾಗಿ ಕಾಲು ಸುತ್ತಿನದ್ದೇ ಹಾಕಿ.

ಇನ್ನು ಅಸೆಂಬ್ಲಿ. ಪೈಪಿನಿಂದ ಕೆಳಗೆ ಬಂದರೆ ಮೊದಲು ಬಾಡಿ, ಅದರಲ್ಲಿ ಚೆಕ್ ವಾಲ್ವ್, ಆಮೇಲೆ ಜಾಲರಿ, ವಾಷರ್, ಟಿಪ್, ಕ್ಯಾಪ್. ನೀವು ಹೇಳಿದ ತೊಟ್ಟಿಕ್ಕುವ ಕಾಯಿಲೆಗೆ ಮದ್ದು ಚೆಕ್ ವಾಲ್ವ್. ಅರ್ಧ ಇಂಚಿನ 6 ಮೀಟರ್ ಪೈಪಿನಲ್ಲಿ ಮುಕ್ಕಾಲು ಲೀಟರ್ ಔಷಧಿ ನಿಂತಿರುತ್ತದೆ. ತಿರುಗಿಸುವಾಗ ನೀವು ವಾಲ್ವ್ ಮುಚ್ಚಿದರೂ ಅಷ್ಟೂ ಬದುವಿನ ಹತ್ತಿರ ಸುರಿಯುತ್ತದೆ. ಪ್ರತಿ ಸುತ್ತಿಗೂ ಅದೇ ಜಾಗಕ್ಕೆ! ರಬ್ಬರ್ ಡಯಾಫ್ರಾಮ್ ಇರುವ ಚೆಕ್ ವಾಲ್ವ್ ಸುಮಾರು ಅರ್ಧ ಬಾರ್ ಒತ್ತಡಕ್ಕೆ ತೆರೆದು, ಅದಕ್ಕಿಂತ ಕೆಳಗೆ ಬಂದ ಕೂಡಲೇ ಮುಚ್ಚಿಕೊಳ್ಳುತ್ತದೆ. ಜಾಲರಿಯೊಳಗೆ ಗುಂಡು ಮತ್ತು ಸ್ಪ್ರಿಂಗ್ ಇರುವ ಅಗ್ಗದ ತರಹವೂ ಸಿಗುತ್ತದೆ. ಅದು ದಾರಿಯಲ್ಲೇ ಒತ್ತಡ ತಿನ್ನುತ್ತದೆ, ಕಸ ಸಿಕ್ಕಿದರೆ ಮುಚ್ಚುವುದೂ ಇಲ್ಲ. ಡಯಾಫ್ರಾಮ್ ತರಹದ್ದೇ ನನಗೆ ಇಷ್ಟ. ಅದರ ಮುಚ್ಚಳವನ್ನು ಕೈಯಲ್ಲೇ ಬಿಚ್ಚಿ ತೊಳೆಯಬಹುದು.

ಜಾಲರಿ 50 ಮೆಶ್ ಇರಲಿ. ಅದರ ಕಣ್ಣು ಸುಮಾರು 0.3 ಮಿ.ಮೀ., ನೇರಳೆ ಟಿಪ್ಪಿಗೆ ಸಾಕು. ಜಾಸ್ತಿ ಸಣ್ಣದು ಒಳ್ಳೆಯದು ಅಂತ 100 ಮೆಶ್ ಹಾಕಿದರೆ ಅಟ್ರಾಜಿನ್ ತರಹದ ಪುಡಿ ಔಷಧಿ ಅದರ ಮೇಲೆ ಕೆಸರಿನ ಹಾಗೆ ಕೂರುತ್ತದೆ. ಟ್ಯಾಂಕಿನ ಬಾಯಿಗೆ ಒಂದು, ಪಂಪಿಗೆ ಮೊದಲು ಒಂದು ಜಾಲರಿ ಇದ್ದರೆ ನಾಜಲ್ ಜಾಲರಿಗೆ ಕೆಲಸವೇ ಕಮ್ಮಿ. ಪುಡಿಯನ್ನು ಬಕೆಟ್‌ನಲ್ಲಿ ಮೊದಲು ಕಲಸಿ, ಗಂಟಿಲ್ಲದ ಹಾಗೆ ಮಾಡಿ, ಆಮೇಲೆ ಟ್ಯಾಂಕಿಗೆ ಹಾಕಲು ರೈತರಿಗೆ ಹೇಳಿ.

ಬೂಮಿನ ಒಂದು ತುದಿಯಲ್ಲಿ ನೀರು ಕಮ್ಮಿ ಅಂದಿರಿ. ನೀವು 8 ಮಿ.ಮೀ. ಹೋಸ್ ಹಾಕಿ, ಒಂದು ಕಡೆಯಿಂದ ನೀರು ಕೊಟ್ಟಿರಬೇಕು ಅಂತ ನನ್ನ ಊಹೆ. ಹೋಸ್ ಕಿರಿದಾದಷ್ಟೂ, ನಡುವೆ ಟೀ ಜಾಯಿಂಟ್‌ಗಳು ಬಂದಷ್ಟೂ ಒತ್ತಡ ಕಳೆಯುತ್ತಾ ಹೋಗುತ್ತದೆ. ತುದಿಯಲ್ಲಿ 3 ಬಾರ್ ಬದಲು 2.4 ಸಿಕ್ಕಿದರೂ ಅಲ್ಲಿಯ ನೀರು ನೂರಕ್ಕೆ 10 ಕಮ್ಮಿಯಾಗುತ್ತದೆ. ಅರ್ಧ ಇಂಚಿನ ಪೈಪ್ ಹಾಕಿ, ನೀರನ್ನು ನಡುವಿನಿಂದ ಕೊಡಿ. ನಡುವಿನಿಂದ ಕೊಟ್ಟರೆ ಪ್ರತಿ ಕಡೆಗೂ ಅರ್ಧ ನೀರು, ಅರ್ಧ ದೂರ. ಒತ್ತಡದ ನಷ್ಟ ಹೆಚ್ಚುಕಮ್ಮಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ದೊಡ್ಡ ಲಾಭ ಇನ್ನೆಲ್ಲೂ ಸಿಗುವುದಿಲ್ಲ.

ಪೈಪ್ ಕಬ್ಬಿಣದ್ದು ಬೇಡ. ತುಕ್ಕಿನ ಚಕ್ಕೆ ಎದ್ದು ಬಂದು ಹನ್ನೆರಡೂ ಜಾಲರಿ ಕಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಸ್ವಲ್ಪ ದುಬಾರಿ, ಆದರೆ ಅದೇ ಬೂಮಿನ ಬೆನ್ನೆಲುಬೂ ಆಗುತ್ತದೆ. ಬಾಡಿಯ ಕುತ್ತಿಗೆಗೆ ಸರಿಯಾಗಿ ಪೈಪಿನ ಕೆಳಗೆ ತೂತು ಕೊರೆದು ಕ್ಲ್ಯಾಂಪ್ ಮಾಡಿ. ಕುತ್ತಿಗೆ ಪೈಪಿನ ಒಳಗೆ ನಾಲ್ಕೈದು ಮಿ.ಮೀ. ಚಾಚಿಕೊಂಡಿರಲಿ. ಪೈಪಿನ ತಳದಲ್ಲಿ ಕೂತ ಗಸಿ ಆಗ ನೇರವಾಗಿ ನಾಜಲ್ಲಿಗೆ ಇಳಿಯುವುದಿಲ್ಲ. ತೂತಿನ ಒಳಗಡೆ ಎದ್ದ ಲೋಹದ ಮುಳ್ಳನ್ನು (ಬರ್) ಅರದಿಂದ ಉಜ್ಜಿ ತೆಗೆಯಿರಿ. ಪೈಪಿನ ಎರಡೂ ತುದಿಗೆ ಕೈಯಲ್ಲಿ ಬಿಚ್ಚುವ ಪ್ಲಗ್ ಇರಲಿ. ದಿನದ ಕೊನೆಗೆ ಅದನ್ನು ಬಿಚ್ಚಿ ಒಳ್ಳೆಯ ನೀರು ಓಡಿಸಿದರೆ ಗಸಿಯೆಲ್ಲ ಹೊರಗೆ ಹೋಗುತ್ತದೆ.

ಪಂಪಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. 12 ನಾಜಲ್ಲಿಗೆ 12 ಲೀಟರ್. ಟ್ಯಾಂಕಿನ ಔಷಧಿ ತಳಕ್ಕೆ ಕೂರದ ಹಾಗೆ ಕದಡಲು ಟ್ಯಾಂಕಿನ ನೂರಕ್ಕೆ 5, ಅಂದರೆ ನಿಮಿಷಕ್ಕೆ 20 ಲೀಟರ್ ವಾಪಸ್ ಹೋಗಬೇಕು. ಒಟ್ಟು 32. ನಿಮ್ಮದು 36 ಲೀಟರಿನ ಪಂಪ್ ಆದರೆ ಸರಿ, 22ರದ್ದಾದರೆ ಸಾಲದು. ಬೈಪಾಸ್ ನೀರನ್ನು ಮೇಲಿನಿಂದ ಸುರಿಯಬೇಡಿ, ತಳದವರೆಗೆ ಪೈಪ್ ಬಿಟ್ಟು ಅಲ್ಲಿ ಚಿಮ್ಮಿಸಿ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹತ್ತಿ ಹೊಲಕ್ಕೆ ಹೋಗಿದ್ದೆ. ನಾಜಲ್ ಕಟ್ಟಿಕೊಂಡಿತು. ಯಜಮಾನರು ಕ್ಯಾಪ್ ಬಿಚ್ಚಿ, ಟಿಪ್ಪನ್ನು ಪಂಚೆಯ ಅಂಚಿಗೆ ಒರೆಸಿ, ತುಟಿಗಿಟ್ಟು ಜೋರಾಗಿ ಊದಿದರು. ಕೀಟನಾಶಕ ಅದು. ನಾನು ಬೇಡ ಅನ್ನುವಷ್ಟರಲ್ಲಿ ಮುಗಿದಿತ್ತು. ಅದು ಹೋಗಲಿಲ್ಲ ಅಂತ ಆಮೇಲೆ ಸೂಜಿ ಹಾಕಿ ತಿವಿದರು. ಟಿಪ್ಪೂ ಹಾಳಾಯಿತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಯಂತ್ರ ಮಾಡಿದವರು ಅವರಿಗೆ ಬೇರೆ ದಾರಿಯನ್ನೇ ಕೊಟ್ಟಿರಲಿಲ್ಲ. ಹತ್ತಿರದ ನೀರು ಒಂದು ಫರ್ಲಾಂಗ್ ದೂರದಲ್ಲಿತ್ತು.

ನೀವು ಕೊಡಿ. ಬೂಮಿನ ಚೌಕಟ್ಟಿಗೆ ಮುಚ್ಚಳ ಇರುವ ಸಣ್ಣ ಡಬ್ಬಿ ವೆಲ್ಡ್ ಮಾಡಿ. ಅದರಲ್ಲಿ ಎರಡು ನೇರಳೆ ಟಿಪ್, ಎರಡು ಜಾಲರಿ, ನಾಲ್ಕು ವಾಷರ್, ಒಂದು ಮೃದು ಟೂತ್‌ಬ್ರಷ್, ಒಂದು ಜೊತೆ ಕೈಗವಸು. ಪಕ್ಕದಲ್ಲಿ 15 ಲೀಟರಿನ ಒಳ್ಳೆಯ ನೀರಿನ ಕ್ಯಾನ್, ಅದಕ್ಕೊಂದು ನಲ್ಲಿ. ಕಟ್ಟಿಕೊಂಡ ಟಿಪ್ ತೆಗೆದು ಹೊಸದು ಹಾಕಿ, ಹಳೆಯದನ್ನು ಮನೆಗೆ ಹೋಗಿ ಬ್ರಷ್‌ನಿಂದ ತೊಳೆಯಲಿ. ಕೈ ತೊಳೆಯಲೂ ನೀರು ಅಲ್ಲೇ ಇರುತ್ತದೆ. ಇದಕ್ಕೆ ಆಗುವ ಖರ್ಚು ಬಹಳ ಕಮ್ಮಿ. ಇದನ್ನು ಬಿಡಿಭಾಗ ಅಂತ ನೋಡಬೇಡಿ, ನಾಜಲ್ ಅಸೆಂಬ್ಲಿಯ ಒಂದು ಭಾಗ ಅಂತಲೇ ನೋಡಿ.

ನಿಮ್ಮ ಗಿರಾಕಿಗಳು ಇದೇ ಬೂಮನ್ನು ಮೆಣಸಿನಕಾಯಿಗೂ ಕೇಳುತ್ತಾರೆ, ಬ್ಯಾಡಗಿ ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ. ಕಳೆನಾಶಕಕ್ಕೆ ಸರಿಯಾದ ಬೀಸಣಿಗೆ ಅಲ್ಲಿ ಸಾಲದು. ಥ್ರಿಪ್ಸ್ ಎನ್ನುವ ರಸ ಹೀರುವ ಸಣ್ಣ ಕೀಟ ಎಲೆಯ ಕೆಳಗೆ, ಹೂವಿನ ಒಳಗೆ ಅಡಗಿರುತ್ತದೆ. ಮೇಲಿನಿಂದ ಬಿದ್ದ ಹನಿ ಅಲ್ಲಿಗೆ ಹೋಗುವುದಿಲ್ಲ. ಸಾಲುಗಳ ನಡುವೆ ಇಳಿಬಿಟ್ಟ ಕೊಳವೆಯ ತುದಿಗೆ, ಓರೆಯಾಗಿ ಮೇಲಕ್ಕೆ ನೋಡುವ ಹಾಲೋ ಕೋನ್ ನಾಜಲ್ ಬೇಕು. ಅದರ ಒಳಗೆ ಓರೆ ಕಚ್ಚುಗಳಿರುವ ಒಂದು ಬಿಲ್ಲೆ ಇರುತ್ತದೆ. ನೀರು ಅದರಲ್ಲಿ ಸುತ್ತಿ ಸುತ್ತಿ ಹೊರಬಂದು, ನಡುವೆ ಟೊಳ್ಳಾದ ಶಂಕುವಿನ ಹಾಗೆ ಹರಡುತ್ತದೆ. ಹನಿ ಸಣ್ಣದು, ಎಲೆಯ ಸಂದಿಯಲ್ಲಿ ಸುಳಿಯುತ್ತದೆ. ಕಾಲು ಸುತ್ತಿನ ಬಾಡಿ ಹಾಕಿದ್ದರೆ ಕ್ಯಾಪ್ ಬದಲಿಸಿದರೆ ಆಯಿತು, ಬೂಮ್ ಬೇರೆ ಮಾಡಬೇಕಿಲ್ಲ.

ಮಲೆನಾಡಿನಿಂದ ಯಾರಾದರೂ ಕೇಳಿದರೆ ಮಾತ್ರ ಎಚ್ಚರ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದರು. ಈಗಲೂ ಅದೇ ನಡೆಯುತ್ತಿದೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಸುಣ್ಣದ ಕಣಗಳು ಹಿತ್ತಾಳೆ ಬಾಯಿಯನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತವೆ. ಅಲ್ಲಿಗೆ ಸೆರಾಮಿಕ್ ಬಿಲ್ಲೆಯೇ ಸರಿ.

ಎಲ್ಲ ಜೋಡಿಸಿದ ಮೇಲೆ ರೈತರಿಗೆ ಕೊಡುವ ಮೊದಲು ಪರೀಕ್ಷೆ ಮಾಡಿ, ಬರೀ ನೀರಿನಲ್ಲಿ. 3 ಬಾರ್‌ಗೆ ನಿಲ್ಲಿಸಿ, ಪ್ರತಿ ನಾಜಲ್ ಕೆಳಗೆ ಅಳತೆಯ ಜಗ್ ಹಿಡಿದು ಸರಿಯಾಗಿ 1 ನಿಮಿಷ ನೀರು ಹಿಡಿಯಿರಿ. ಸರಾಸರಿಗಿಂತ ನೂರಕ್ಕೆ 5ಕ್ಕೂ ಜಾಸ್ತಿ ಹಿಂದೆ ಮುಂದೆ ಇದ್ದರೆ ಮೊದಲು ಜಾಲರಿ ನೋಡಿ, ಆಮೇಲೆ ಟಿಪ್ ಬದಲಿಸಿ. ಇದು ನೀರಿನ ಪ್ರಮಾಣದ ಮಾತಾಯಿತು. ಹರಡುವಿಕೆ ನೋಡಲು ಛಾವಣಿಯ ತಗಡಿನ ಒಂದು ಅಲೆಅಲೆ ಶೀಟ್ ಸಾಕು. ಅದರ ತಗ್ಗು ಸಾಲುಗಳು ಮುಂದಕ್ಕೆ ಇಳಿಜಾರಾಗುವ ಹಾಗೆ ಬೂಮಿನ ಕೆಳಗೆ 50 ಸೆಂ.ಮೀ. ಅಂತರದಲ್ಲಿ ಇಡಿ. ಪ್ರತಿ ತಗ್ಗು ಸಾಲಿನ ಬಾಯಿಗೂ ಒಂದೇ ಸೈಜಿನ ಬಾಟಲಿ ಸಾಲಾಗಿ ನಿಲ್ಲಿಸಿ. ಎರಡು ನಿಮಿಷ ಬಿಟ್ಟು ನೋಡಿದರೆ ಬಾಟಲಿಗಳ ನೀರಿನ ಮಟ್ಟವೇ ಒಂದು ಗೆರೆ ಬರೆದುಕೊಡುತ್ತದೆ. ಆ ಗೆರೆ ಸಪಾಟಾಗಿರಬೇಕು. 50 ಸೆಂ.ಮೀ.ಗೊಮ್ಮೆ ಉಬ್ಬು ಬಂದರೆ ಬೂಮನ್ನು 5 ಸೆಂ.ಮೀ. ಎತ್ತಿ ಮತ್ತೆ ಹಿಡಿಯಿರಿ. ಶೀಟ್ ಸಿಗದಿದ್ದರೆ ಬಿಸಿಲಿನಲ್ಲಿ ಒಣಗಿದ ಸಿಮೆಂಟ್ ಕಣದ ಮೇಲೆ ಟ್ರ್ಯಾಕ್ಟರ್ ಓಡಿಸಿ ನೀರು ಹೊಡೆದು, ಪಕ್ಕದಲ್ಲಿ ನಿಂತು ಆರುವುದನ್ನು ನೋಡಿ. ನೀರು ಕಮ್ಮಿ ಬಿದ್ದ ಜಾಗ ಮೊದಲು ಬಿಳಿಯಾಗುತ್ತದೆ. ನಿಮ್ಮ ಹೊಲದ ಪಟ್ಟೆಗಳು ಐದೇ ನಿಮಿಷದಲ್ಲಿ ನೆಲದ ಮೇಲೆ ಕಾಣುತ್ತವೆ.

ಕೆಲಸ ಶುರು ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲು ಪೈಪ್ ಮತ್ತು ನಡುವಿನ ಸಂಪರ್ಕ, ಆಮೇಲೆ ಬಾಡಿ, ಕೊನೆಗೆ ಟಿಪ್. ಪ್ರತಿ ಹಂತದಲ್ಲೂ ಜಗ್ ಹಿಡಿದು ಹನ್ನೆರಡೂ ಅಳತೆ ಬರೆದಿಡಿ. ಹೊಲದ ಪಟ್ಟೆಗಳ ಅಳತೆಯನ್ನೂ ಸೇರಿಸಿ ಕಳಿಸಿದರೆ, ಬೂಮಿನ ಎತ್ತರ ಎಷ್ಟು ಇಡಬೇಕು ಅಂತ ಖಚಿತವಾಗಿ ಹೇಳುತ್ತೇನೆ.